ಜೋಸೆಫ್ ಪ್ಯಾಕ್ಸ್‌ಟನ್: ತೋಟದ ಆಳು ಶಿಲ್ಪಿಯಾದ ವೃತ್ತಾಂತ

ಬೆಂಗಳೂರಿನ ಲಾಲ್‌ಬಾಗಿನೊಳಗಣ ಗಾಜಿನ ಮನೆಯನ್ನು ನೋಡದ ಕನ್ನಡಿಗರು ವಿರಳ. ವರ್ಷಕ್ಕೆರಡಾವರ್ತಿ ಅಲ್ಲಿ ನಡೆಯುವ ಪುಷ್ಪಪ್ರದರ್ಶನಕ್ಕೆ ಸಂಸಾರ ಸಮೇತರಾಗಿ ಹೋಗಿ ಬಂದವರು ಹೂವಿನ ವಿಷಯವನ್ನು ಎಷ್ಟು ಹೇಳುವರೋ ಅಷ್ಟೇ ಆ ಮನೆಯ ವಿಷಯವನ್ನೂ ಹೇಳುವರು. ಜಾನ್ ಕ್ಯಾಮರನ್ ಎಂಬವರು ಆ ತೋಟದ ಮೇಲ್ವಿಚಾರಕರಾಗಿದ್ದಾಗ, ೧೮೮೯ರಲ್ಲಿ, ಅಸ್ತಿಭಾರ ಬಿದ್ದ ಆ ಕಟ್ಟಡಕ್ಕೆ ಲಂಡನ್ನಿನ ಸ್ಫಟಿಕ ಭವನವೇ ಮಾದರಿಯೆಂಬುದನ್ನೂ ವಾಚಕರಲ್ಲಿ ಹಲವರು ಬಲ್ಲರು. ಆದರೆ ಆ ಸ್ಫಟಿಕ ಭವನವನ್ನು ಕಲ್ಪಿಸಿದವನು ಇಂಜಿನಿಯರನಲ್ಲ. ವಾಸ್ತುವಿದ್ಯೆಯ ಯಾವ ಶಾಲೆಯಲ್ಲಿಯೂ ಕಲಿತವನಲ್ಲ. ಹದಿನೈದನೆಯ ವಯಸ್ಸಿಗೆ ತೋಟದ ಆಳಾಗಿ ಗುದ್ದಲಿ ಹಿಡಿದವನು ಎಂಬ ಸಂಗತಿಯು ನಮ್ಮಲ್ಲಿ ಅಷ್ಟಾಗಿ ಪ್ರಚಾರದಲ್ಲಿಲ್ಲ. ಆತನ ಹೆಸರು ಜೋಸೆಫ್ ಪ್ಯಾಕ್ಸ್‌ಟನ್.

ಪುಸ್ತಕದಿಂದ ಬರುವ ವಿದ್ಯೆಯೊಂದು, ಕೈಯಿಂದ ಬರುವ ವಿದ್ಯೆಯೊಂದು ಎಂದು ಬೇರ್ಪಡಿಸಿ, ಎರಡನೆಯದನ್ನು ಹಿತ್ತಲ ಬಾಗಿಲಿನಲ್ಲಿ ನಿಲ್ಲಿಸುವ ರೂಢಿ ನಮ್ಮ ದೇಶದಲ್ಲಿ ಬಹುಕಾಲದಿಂದ ಬೇರೂರಿದೆ. ನಾವಾದರೂ ಪಾಠಶಾಲೆಯಲ್ಲಿ ಅಮರಕೋಶವನ್ನು ಉರುಹೊಡೆದವರು, ಮೆಟ್ರಿಕ್ಯುಲೇಷನ್ನಿಗಾಗಿ ರೇಖಾಗಣಿತದ ಪ್ರಮೇಯಗಳನ್ನು ಒಪ್ಪಿಸಿದವರು. ಲಂಬರೇಖೆಯ ಲಕ್ಷಣವನ್ನು ನಿದ್ರೆಯಲ್ಲಿಯೂ ಹೇಳಬಲ್ಲೆವು. ಗಾರೆಯವನ ಕೈಯ ತೂಗುಗುಂಡನ್ನು ಹಿಡಿದು ಒಂದು ಗೋಡೆ ನೆಟ್ಟಗಿದೆಯೋ ಇಲ್ಲವೋ ನೋಡಿರೆಂದರೆ ಅವನ ಮುಖವನ್ನೇ ನೋಡುವೆವು. ಇಂಥ ನಮಗೆ ಪ್ಯಾಕ್ಸ್‌ಟನ್ನನ ಚರಿತ್ರೆಯು ಕೇವಲ ಪರದೇಶದ ಒಬ್ಬ ಭಾಗ್ಯಶಾಲಿಯ ಕಥೆಯಾಗಿ ತೋರಲಿಲ್ಲ. ಆದುದರಿಂದ ಇಂದು ಅದನ್ನು ವಾಚಕರ ಮುಂದಿಡುತ್ತಿದ್ದೇವೆ.

ಇಂಗ್ಲೆಂಡಿನ ಬೆಡ್‌ಫರ್ಡ್ ಸೀಮೆಯ ಮಿಲ್ಟನ್ ಬ್ರಯನ್ ಎಂಬ ಹಳ್ಳಿಯಲ್ಲಿ ೧೮೦೩ನೆಯ ಇಸವಿ ಆಗಸ್ಟ್ ೩ರಂದು ಬೇಸಾಯಗಾರನೊಬ್ಬನ ಏಳನೆಯ ಗಂಡುಮಗನಾಗಿ ಪ್ಯಾಕ್ಸ್‌ಟನ್ನನು ಹುಟ್ಟಿದನು. ಶಾಲೆಯ ಓದು ಹೇಳಿಕೊಳ್ಳುವಷ್ಟೇನೂ ಆಗಲಿಲ್ಲ. ಹದಿನೈದು ವರ್ಷವಾಗುತ್ತಲೇ ಸಮೀಪದ ಬ್ಯಾಟಲ್ಸ್‌ಡನ್ ಎಂಬಲ್ಲಿಯ ಜಮೀನುದಾರನ ತೋಟದಲ್ಲಿ ಆಳಾಗಿ ಸೇರಿದನು. ನಡುವೆ ಕೆಲಕಾಲ ಬೇರೆ ತೋಟವೊಂದರಲ್ಲಿ ದುಡಿದು, ಪುನಃ ಅಲ್ಲಿಗೇ ಬಂದು, ಇಪ್ಪತ್ತು ತುಂಬುವುದರೊಳಗೆ ಆ ಜಮೀನಿನಲ್ಲಿ ದೊಡ್ಡದೊಂದು ಕೆರೆಯನ್ನು ನಿರ್ಮಿಸಿದನು. ಕೆರೆಯನ್ನು ಕಟ್ಟುವುದೆಂದರೇನೆಂಬುದನ್ನು ನಮ್ಮ ನಾಡಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ನೆಲದ ಇಳಿಜಾರನ್ನು ಕಣ್ಣಳತೆಯಿಂದ ಹಿಡಿಯಬೇಕು. ಅಗೆದ ಮಣ್ಣನ್ನು ಎಲ್ಲಿ ಹಾಕಿದರೆ ಅದು ದಿಬ್ಬವಾಗಿ ಶೋಭಿಸೀತು, ಎಲ್ಲಿ ಹಾಕಿದರೆ ಮಳೆಗೆ ಕೊಚ್ಚಿ ಕೆರೆಗೇ ಬಂದೀತು ಎಂಬುದನ್ನು ತಿಳಿಯಬೇಕು. ತಳಕ್ಕೆ ಜೇಡಿಮಣ್ಣನ್ನು ಹದವಾಗಿ ತುಳಿಸಿ ನೀರು ಇಂಗದಂತೆ ಮಾಡಬೇಕು. ಇದಾವುದೂ ನಕ್ಷೆಯಿಂದ ಬರುವುದಲ್ಲ. ಮುಂದೆ ಆತನು ಮಾಡಿದ ದೊಡ್ಡ ಕೆಲಸಗಳಿಗೆಲ್ಲ ಈ ಕೆರೆಯೇ ಅಕ್ಷರಾಭ್ಯಾಸವೆಂದು ನಮ್ಮ ಎಣಿಕೆ.

೧೮೨೩ರಲ್ಲಿ ಲಂಡನ್ನಿನ ಬಳಿಯ ಚಿಸ್ವಿಕ್ಕಿನಲ್ಲಿ ತೋಟಗಾರಿಕೆಯ ಸಂಘದವರು ನಡೆಸುತ್ತಿದ್ದ ಉದ್ಯಾನವನ್ನು ಸೇರಿದನು. ಸೇರುವಾಗ ಹುಟ್ಟಿದ ಇಸವಿಯನ್ನು ೧೮೦೧ ಎಂದು ಬರೆಯಿಸಿ ಎರಡು ವರ್ಷ ಹೆಚ್ಚಿಸಿಕೊಂಡನು. ಸುಳ್ಳು ಸುಳ್ಳೇ, ಅದನ್ನು ಮುಚ್ಚಿಡುವುದು ಚರಿತ್ರೆ ಬರೆಯುವವರಿಗೆ ತಕ್ಕುದಲ್ಲ. ಆ ಉದ್ಯಾನದ ನೆಲವು ಡೆವನ್‌ಶೈರಿನ ಆರನೆಯ ಡ್ಯೂಕನದು. ಪಕ್ಕದಲ್ಲಿಯೇ ಇದ್ದ ತನ್ನ ಮನೆಯಿಂದ ಡ್ಯೂಕನು ತೋಟದೊಳಗೆ ಅಡ್ಡಾಡಲು ಬರುತ್ತಿದ್ದನು. ಅವನಿಗೆ ಕಿವಿ ಮಂದ. ಕೇಳಿದ್ದಕ್ಕೆ ಸ್ಪಷ್ಟವಾಗಿ, ತಡವರಿಸದೆ ಉತ್ತರ ಹೇಳುತ್ತಿದ್ದ ಈ ತರುಣನು ಅವನ ಮನಸ್ಸಿಗೆ ಬಂದನು. ಅಮೆರಿಕಕ್ಕೆ ಹೋಗಿ ಬದುಕು ಹುಡುಕೋಣವೆಂದು ಪ್ಯಾಕ್ಸ್‌ಟನ್ನನು ಯೋಚಿಸುತ್ತಿದ್ದ ಕಾಲದಲ್ಲಿಯೇ ಡ್ಯೂಕನು ಡರ್ಬಿ ಸೀಮೆಯಲ್ಲಿದ್ದ ಚ್ಯಾಟ್ಸ್‌ವರ್ತ್ ಎಂಬ ತನ್ನ ಮೂಲಸ್ಥಾನದ ತೋಟಕ್ಕೆ ಆತನನ್ನು ಮುಖ್ಯಸ್ಥನಾಗಿ ನಿಯಮಿಸಿ, ತಾನು ರಷ್ಯಾ ದೇಶದ ಚಕ್ರವರ್ತಿಯ ಪಟ್ಟಾಭಿಷೇಕಕ್ಕೆ ಹೊರಟುಹೋದನು. ಆಗ ಪ್ಯಾಕ್ಸ್‌ಟನ್ನನಿಗೆ ಇಪ್ಪತ್ತಮೂರು ತುಂಬಿರಲಿಲ್ಲ.

೧೮೨೬ನೆಯ ಮೇ ೯ರ ಬೆಳಗಿನ ಜಾವ ನಾಲ್ಕೂವರೆ ಗಂಟೆಗೆ ಆತನು ಚ್ಯಾಟ್ಸ್‌ವರ್ತನ್ನು ತಲುಪಿದನು. ಬಾಗಿಲು ತೆರೆಯುವವರಿರಲಿಲ್ಲ. ಗೋಡೆ ಹತ್ತಿ ಒಳಗೆ ಧುಮುಕಿ, ತೋಟವನ್ನೂ ಕಾಡಿನ ಅಂಚನ್ನೂ ಒಂದು ಸುತ್ತು ನೋಡಿ, ಆರು ಗಂಟೆಗೆ ಬಂದ ಆಳುಗಳಿಗೆ ಕೆಲಸ ಹಚ್ಚಿ, ನೀರಾಟದ ಕೊಳವೆಗಳನ್ನು ಬಿಡಿಸಿ ಪರೀಕ್ಷಿಸಿ, ಅನಂತರ ಮನೆವಾರ್ತೆ ನೋಡುತ್ತಿದ್ದ ಯಜಮಾನಿತಿಯ ಬಳಿ ಉಪಾಹಾರಕ್ಕೆ ಕುಳಿತನು. ಅಲ್ಲಿ ಆಕೆಯ ಸೋದರಿಯ ಕಡೆಯ ಕನ್ಯೆ ಸಾರಾ ಬೌನ್ ಎಂಬವಳನ್ನು ಕಂಡು ಮನಸೋತನು. ಇವೆಲ್ಲವೂ ಒಂಬತ್ತು ಗಂಟೆಯೊಳಗೆ ಮುಗಿದುವೆಂದು ಆತನೇ ಮುಂದೆ ಹೇಳಿಕೊಂಡಿದ್ದಾನೆ. ಮರುವರ್ಷ ವಿವಾಹವಾಯಿತು. ಈ ಸಾರಾ ಸಾಮಾನ್ಯಳಲ್ಲ. ಪತಿಯು ಊರೂರು ತಿರುಗುವಾಗ ತೋಟದ ಲೆಕ್ಕಪತ್ರ, ಆಳುಗಳ ಸಂಬಳ, ಮನೆಯ ಹಣದ ವಿನಿಯೋಗ ಎಲ್ಲವನ್ನೂ ಆಕೆ ನೋಡಿಕೊಂಡಳು. ಆಕೆಯಿಲ್ಲದೆ ಆತನ ಅರ್ಧ ಕೆಲಸಗಳು ಆಗುತ್ತಿರಲಿಲ್ಲ.

ಡ್ಯೂಕನಿಗೆ ಮೊದಲು ತೋಟದಲ್ಲಿ ಅಷ್ಟೇನೂ ಆಸಕ್ತಿಯಿರಲಿಲ್ಲ. ತೋಟಗಾರನು ಒಡೆಯನಿಗೆ ರುಚಿ ಹತ್ತಿಸಿದನು. ಮೊದಮೊದಲಿನ ಕೆಲಸವೆಲ್ಲ ಮಣ್ಣು ಮತ್ತು ಮರಗಳದು. ೧೮೩೦ರಲ್ಲಿ ಡರ್ಬಿ ಪಟ್ಟಣದಲ್ಲಿದ್ದ ಬೆಳೆದ ಮರವೊಂದನ್ನು, ಜೋಲುಕೊಂಬೆಗಳ ‘ಆಷ್’ ಜಾತಿಯದನ್ನು, ಬೇರಿನ ಮಣ್ಣಿನ ಸಮೇತ ಎಬ್ಬಿಸಿ ಚ್ಯಾಟ್ಸ್‌ವರ್ತಿಗೆ ತಂದು ನೆಟ್ಟನು. ಅದರ ತೂಕ ಸುಮಾರು ೮ ಟನ್ನು. ಸಸಿಯನ್ನು ನೆಟ್ಟು ನಲವತ್ತು ವರ್ಷ ಕಾಯುವ ತಾಳ್ಮೆ ಆತನಿಗೆ ಇಲ್ಲದಿರಲಿಲ್ಲ; ದೇಶದೇಶದ ಪೈನ್ ಜಾತಿಯ ಮರಗಳ ತೋಪನ್ನೂ, ಬಳಿಕ ೧೮೩೫ರಲ್ಲಿ ಗಿಡಮರಗಳನ್ನು ಅವುಗಳ ಕುಲಾನುಸಾರವಾಗಿ ಸಾಲಿಟ್ಟು ಬೆಳೆಸಿದ ದೊಡ್ಡ ವೃಕ್ಷವಾಟಿಕೆಯನ್ನೂ ಮಾಡಿದವನು ಆತನೇ. ಆದರೆ ಭಾರವಾದ ವಸ್ತುವೊಂದನ್ನು ಎತ್ತಿ, ಸಾಗಿಸಿ, ಇಳಿಸುವ ಉಪಾಯವನ್ನು ಕಲಿಯಲು ಈ ಮರವು ಆತನಿಗೆ ಒದಗಿತು. ಮುಂದೆ ಅದು ಬಂಡೆಗಳಿಗೆ ಉಪಯೋಗಕ್ಕೆ ಬಂತು.

ಇನ್ನು ಗಾಜಿನ ವಿಷಯ. ಉಷ್ಣದೇಶದ ಸಸ್ಯಗಳು ಆ ಶೀತಭೂಮಿಯಲ್ಲಿ ಬದುಕಬೇಕಾದರೆ ಬೆಳಕು ಬರುವ, ಕಾವು ನಿಲ್ಲುವ ಮನೆಗಳು ಬೇಕು. ಆಗ ಇದ್ದ ಗಾಜಿನ ಮನೆಗಳಲ್ಲಿ ಮರದ ಪಟ್ಟಿಗಳು ದಪ್ಪವಾಗಿದ್ದು ಬೆಳಕನ್ನು ತಡೆಯುತ್ತಿದ್ದುವು. ವಿದ್ವಾಂಸರು ಕಬ್ಬಿಣವೇ ಲೇಸೆಂದರು. ಪ್ಯಾಕ್ಸ್‌ಟನ್ನನು ಎರಡನ್ನೂ ಪರೀಕ್ಷಿಸಿ, ಕಬ್ಬಿಣವು ಬಿಸಿಲಿಗೆ ಹಿಗ್ಗಿ, ಚಳಿಗೆ ಕುಗ್ಗಿ ಗಾಜನ್ನು ಒಡೆಯುವುದೆಂದೂ, ತುಕ್ಕು ಹಿಡಿಯುವುದೆಂದೂ, ವೆಚ್ಚವೂ ಹೆಚ್ಚೆಂದೂ ಕಂಡು ಮರವನ್ನೇ ಇಟ್ಟುಕೊಂಡನು. ಆದರೆ ಪಟ್ಟಿಗಳನ್ನು ತೆಳ್ಳಗೆ, ಹಗುರವಾಗಿ ಕೊರೆಯಿಸಿದನು. ಮಾಡನ್ನು ಒಂದೇ ಇಳಿಜಾರಾಗಿ ಮಾಡದೆ, ಉತ್ತ ಹೊಲದ ದಿಂಡು ಮತ್ತು ಸಾಲುಗಳಂತೆ ಏರಿಳಿಯುವ ಮಡಿಕೆಗಳಾಗಿ ಮಾಡಿದನು. ಇದರಿಂದ ಬೆಳಗಿನ ಮತ್ತು ಸಂಜೆಯ ಓರೆ ಬಿಸಿಲು ಗಾಜಿಗೆ ನೇರವಾಗಿ ಬಿದ್ದು ಒಳಗೆ ಬರುವುದು. ನಡುಹಗಲಿನ ಉರಿಬಿಸಿಲು ಓರೆಯಾಗಿ ತಾಕಿ ಜಾರುವುದು. ಈ ಮಡಿಕೆಯ ಕಲ್ಪನೆಯು ಲೌಡನ್ ಎಂಬ ತೋಟಗಾರಿಕೆಯ ಗ್ರಂಥಕಾರನಿಗೆ ಮೊದಲೇ ಹೊಳೆದಿತ್ತು. ಅದನ್ನು ವರ್ಷಗಟ್ಟಲೆ ಕಟ್ಟಿ, ಬಿಚ್ಚಿ, ತಿದ್ದಿ ಕೆಲಸಕ್ಕೆ ತಂದ ಕೀರ್ತಿ ಮಾತ್ರ ಪ್ಯಾಕ್ಸ್‌ಟನ್ನನದು.

ಇಂಥ ಮಾಡಿನ ಕಷ್ಟವೆಲ್ಲ ಎರಡು ಇಳಿಜಾರುಗಳು ಕೂಡುವ ದೋಣಿಯಲ್ಲಿದೆ. ನಮ್ಮ ಮುದ್ರಣಾಲಯಕ್ಕೆ ಹೊಸದಾಗಿ ಒಂದು ಅಂಕಣವನ್ನು ಸೇರಿಸಿದಾಗ, ಹಳೆಯ ಹೆಂಚಿನ ಮಾಡೂ ಹೊಸ ಮಾಡೂ ಕೂಡುವೆಡೆಯಲ್ಲಿ ನಕ್ಷೆಯವರು ಬರೆದುಕೊಟ್ಟಂತೆ ದೋಣಿಯನ್ನು ಇರಿಸಿದೆವು. ಮೊದಲ ಮುಂಗಾರಿಗೇ ನೀರು ಒಳಗಿಳಿದು ಎರಡು ರೀಮು ಕಾಗದವು ಹಾಳಾಯಿತು. ವೃದ್ಧನಾದ ಗಾರೆಯವನೊಬ್ಬನು ಬಂದು, ದೋಣಿಯ ಒಂದು ತುದಿಯನ್ನು ಎರಡು ಬೆರಳಿನಷ್ಟು ಎತ್ತಿಸಿ ಸರಿಮಾಡಿ, ಎಲೆಯಡಿಕೆ ಹಾಕಿಕೊಂಡು ಹೋದನು. ಪ್ಯಾಕ್ಸ್‌ಟನ್ನನು ಈ ಎರಡು ಬೆರಳಿನ ವಿದ್ಯೆಯನ್ನು ಬಹು ದೂರಕ್ಕೆ ಕೊಂಡೊಯ್ದನು. ಮರದ ತೊಲೆಯಲ್ಲಿಯೇ ಮೇಲ್ಗಡೆ ಮಳೆಯ ನೀರಿಗೆ ಒಂದು ಕಾಲುವೆ, ಇಕ್ಕೆಲದಲ್ಲಿ ಗಾಜಿನ ಒಳಮೈಯಲ್ಲಿ ಕೂಡುವ ಹಬೆಯ ನೀರಿಗೆ ಎರಡು ಸಣ್ಣ ಕಾಲುವೆ ಕೊರೆಯಿಸಿದನು. ನೀರು ಅಲ್ಲಿಂದ ಟೊಳ್ಳಾದ ಕಬ್ಬಿಣದ ಕಂಬಗಳೊಳಗೆ ಇಳಿದು ನೆಲದಡಿಗೆ ಹರಿದುಹೋಗುವುದು. ಹೀಗೆ ಮಾಡನ್ನು ಹೊತ್ತ ತೊಲೆಯೇ ದೋಣಿಯಾಯಿತು, ತೊಲೆಯನ್ನು ಹೊತ್ತ ಕಂಬವೇ ಕೊಳವೆಯಾಯಿತು.

ಈ ಅಭ್ಯಾಸಗಳೆಲ್ಲ ೧೮೩೬ರಲ್ಲಿ ಆರಂಭವಾದ ಮಹಾ ಸಸ್ಯಗೃಹದಲ್ಲಿ ಒಟ್ಟುಗೂಡಿದುವು. ಅದು ಮುಗಿಯಲು ನಾಲ್ಕೈದು ವರ್ಷಗಳಾದುವು. ಅದರ ಅಗಲವೇ ೧೨೩ ಅಡಿ. ಆ ಕಾಲಕ್ಕೆ ಜಗತ್ತಿನಲ್ಲಿ ಅಷ್ಟು ದೊಡ್ಡ ಗಾಜಿನ ಮನೆ ಇರಲಿಲ್ಲ. ಅದಕ್ಕೆ ಬೇಕಾದ ಮರದ ಪಟ್ಟಿಗಳನ್ನು ಉದ್ದಕ್ಕೆ ಜೋಡಿಸಿದರೆ ಸುಮಾರು ೪೦ ಮೈಲಾಗುವುದೆಂದು ಲೆಕ್ಕವಾಯಿತು. ಇಷ್ಟನ್ನು ಬಡಗಿಗಳ ಉಜ್ಜುಗೊರಡಿನಿಂದ ಮಾಡಿಸಿ ಪೂರೈಸುವುದುಂಟೆ? ಪ್ಯಾಕ್ಸ್‌ಟನ್ನನು ಉಗಿಯಂತ್ರದಿಂದ ನಡೆಯುವ ಕೊರೆಯುವ ಯಂತ್ರವೊಂದನ್ನು ತಾನೇ ಕಲ್ಪಿಸಿ ಮಾಡಿಸಿದನು. ಲಂಡನ್ನಿನ ಕಲಾಸಂಘದವರು ಅದಕ್ಕೆ ಪದಕವನ್ನು ಕೊಟ್ಟರು. ಚಾನ್ಸ್ ಸೋದರರೆಂಬ ಗಾಜಿನ ಕಾರ್ಖಾನೆಯವರು ೩ ಅಡಿ ಉದ್ದದ ಹಲಗೆಗಳನ್ನು ಮಾಡುತ್ತಿದ್ದರು. ೪ ಅಡಿಯದನ್ನು ಮಾಡಿಕೊಡಿರೆಂದು ಆತನು ಹಟ ಹಿಡಿದು ಮಾಡಿಸಿದನು. ನೆಲದಡಿಯಲ್ಲಿ ಎಂಟು ಕುಲುಮೆಗಳು, ಏಳು ಮೈಲು ಬಿಸಿನೀರಿನ ಕೊಳವೆ. ಇದ್ದಿಲು ಬರುವುದು ಸುರಂಗದೊಳಗೆ ಹಳಿಗಳ ಮೇಲೆ. ಹೊಗೆ ಹೋಗುವುದು ಮಣ್ಣಿನ ಕೆಳಗಿನ ನಾಳದಿಂದ ಗುಡ್ಡದ ಮೇಲೆ ಮರಗಳ ನಡುವೆ ಮರೆಯಾಗಿದ್ದ ಚಿಮಣಿಗೆ. ತೋಟದಲ್ಲಿ ಅಡ್ಡಾಡುವವನಿಗೆ ಇದ್ದಿಲಿನ ಕರಿಯೂ ಹೊಗೆಯೂ ಕಣ್ಣಿಗೆ ಬೀಳುತ್ತಿರಲಿಲ್ಲ. ವೆಚ್ಚವು ೩೦,೦೦೦ ಪೌಂಡು ಮೀರಿತು. ೧೮೪೩ರ ಡಿಸೆಂಬರಿನಲ್ಲಿ ವಿಕ್ಟೋರಿಯಾ ರಾಣಿಯು ಬಂದಾಗ ಸಾವಿರಾರು ದೀಪಗಳನ್ನು ಹಚ್ಚಿ, ರಾಣಿಯ ಗಾಡಿಯನ್ನು ಆ ಮನೆಯ ಮಧ್ಯದಲ್ಲಿಯೇ ಓಡಿಸಿದರು.

ಅದರ ಮಗ್ಗುಲಲ್ಲಿಯೇ ಕಲ್ಲಿನ ಕೆಲಸ ನಡೆಯಿತು. ಡ್ಯೂಕನು ಆತನನ್ನು ಜೊತೆಗೆ ಕರೆದುಕೊಂಡು ೧೮೩೮-೩೯ರಲ್ಲಿ ಸ್ವಿಟ್ಜರ್ಲೆಂಡು, ಇಟಲಿ, ಗ್ರೀಸುಗಳನ್ನು ಸುತ್ತಿಸಿದ್ದನು. ಅಲ್ಲಿಯ ಪರ್ವತಗಳನ್ನು ಕಂಡು ಬಂದ ಪ್ಯಾಕ್ಸ್‌ಟನ್ನನು ೧೮೪೨ರಿಂದ ಸುತ್ತಣ ಗುಡ್ಡಗಳ ಮರಳುಗಲ್ಲಿನ ಬಂಡೆಗಳನ್ನು ತರಿಸಿ, ಒಂದರ ಮೇಲೊಂದನ್ನು ಪೇರಿಸಿ, ಪ್ರಕೃತಿಯೇ ಇಟ್ಟಿತೋ ಎಂಬಂತೆ ಕಡಿದಾದ ಬೆಟ್ಟವನ್ನೂ ಅದರ ಮೇಲಿಂದ ಬೀಳುವ ಅಬ್ಬಿಯನ್ನೂ ಮಾಡಿದನು. ಸಾಲಿಟ್ಟ ಕಲ್ಲು ಗೋಡೆಯಂತೆ ಕಾಣುವುದು, ಚೆಲ್ಲಿದ ಕಲ್ಲು ರಾಶಿಯಂತೆ ಕಾಣುವುದು. ಎರಡೂ ಆಗದೆ ಬೆಟ್ಟದಂತೆ ಕಾಣಿಸುವುದು ಕಲ್ಲಿನ ಪಕ್ಕದಲ್ಲಿ ನಿಂತು, ಸನ್ನೆಗೋಲು ಹಾಕಿ, ಇತ್ತ ತಿರುಗಿಸು ಅತ್ತ ತಿರುಗಿಸು ಎಂದು ಹೇಳುವವನಿಗೆ ಮಾತ್ರ ಸಾಧ್ಯ.

ಬಳಿಕ ನೀರು. ರಷ್ಯಾದ ಚಕ್ರವರ್ತಿ ನಿಕೊಲಾಸನು ೧೮೪೪ರಲ್ಲಿ ಇಂಗ್ಲೆಂಡಿಗೆ ಬರುವನೆಂದು ತಿಳಿದು, ಅವನು ಚ್ಯಾಟ್ಸ್‌ವರ್ತಿಗೂ ದಯಮಾಡಿಸುವನೆಂಬ ಆಶೆಯಿಂದ ಡ್ಯೂಕನು ಜಗತ್ತಿನಲ್ಲಿಲ್ಲದ ಕಾರಂಜಿಯೊಂದು ಬೇಕೆಂದನು. ಪ್ಯಾಕ್ಸ್‌ಟನ್ನನು ಮನೆಗಿಂತ ೩೫೦ ಅಡಿ ಎತ್ತರದ ಬೋರೆಯ ಮೇಲೆ ೮ ಎಕರೆ ವಿಸ್ತಾರದ ಕೆರೆಯನ್ನು ತೋಡಿಸಿ, ಸುತ್ತಣ ಹಳ್ಳಗಳ ನೀರನ್ನು ಕಾಲುವೆಯಿಂದ ಅದಕ್ಕೆ ತಿರುಗಿಸಿ, ಕಬ್ಬಿಣದ ಕೊಳವೆಯಲ್ಲಿ ಕೆಳಗಿಳಿಸಿದನು. ರಾತ್ರಿಯಲ್ಲಿಯೂ ಪಂಜಿನ ಬೆಳಕಿನಲ್ಲಿ ಕೆಲಸ ನಡೆಯಿತು. ಆರು ತಿಂಗಳಲ್ಲಿ ಮುಗಿದ ಆ ಕಾರಂಜಿಯು ಪಂಪಿನ ನೆರವಿಲ್ಲದೆ, ಕೇವಲ ನೀರಿನ ಭಾರದಿಂದ ೨೯೬ ಅಡಿಯವರೆಗೆ ಚಿಮ್ಮಿತು. ಚಕ್ರವರ್ತಿಯು ಇಂಗ್ಲೆಂಡಿಗೆ ಬಂದನು. ಚ್ಯಾಟ್ಸ್‌ವರ್ತಿಗೆ ಮಾತ್ರ ಬರಲಿಲ್ಲ. ಬ್ಯಾಟಲ್ಸ್‌ಡನ್ನಿನ ಕೆರೆ ತೋಡಿದ ಹುಡುಗನಿಗೆ ಇಪ್ಪತ್ತು ವರ್ಷದ ಬಳಿಕ ಎರಡನೆಯ ಕೆರೆ ಸಿಕ್ಕಿತು, ನಷ್ಟವೇನೂ ಆಗಲಿಲ್ಲ.

ಈ ವೈಭವಕ್ಕೆ ನಮ್ಮ ದೇಶದ ಸಂಬಂಧವೂ ಉಂಟು. ಬರ್ಮಾ ದೇಶದ ‘ಆಮ್ಹರ್ಸ್ಟಿಯಾ’ ಎಂಬ ಕೆಂಪು ಹೂವಿನ ಮರವನ್ನೂ, ಮರಗಳ ಮೇಲೆ ಬೆಳೆಯುವ ಸೀತಾಳೆ ಜಾತಿಯ ಗಿಡಗಳನ್ನೂ ತರಲು ೧೮೩೫ರಲ್ಲಿ ಜಾನ್ ಗಿಬ್ಸನ್ ಎಂಬ ತರುಣ ತೋಟಗಾರನನ್ನು ಕಲ್ಕತ್ತೆಗೆ ಕಳುಹಿಸಿದರು. ಅವನು ಖಾಸಿ ಬೆಟ್ಟಗಳಲ್ಲಿ ಅಲೆದು, ಗಾಜಿನ ಪೆಟ್ಟಿಗೆಗಳಲ್ಲಿ ಗಿಡಗಳನ್ನು ತುಂಬಿಕೊಂಡು ೧೮೩೭ರಲ್ಲಿ ಮರಳಿದನು. ಅವನಿಗೆ ಕಾಡಿನ ದಾರಿ ತೋರಿ, ಗಿಡ ಹೊತ್ತ ಬೆಟ್ಟದ ಜನರ ಹೆಸರನ್ನು ಯಾರೂ ಬರೆದಿಡಲಿಲ್ಲ. ಅಷ್ಟು ಆರೈಕೆ ಮಾಡಿದರೂ ಆಮ್ಹರ್ಸ್ಟಿಯಾ ಇಂಗ್ಲೆಂಡಿನಲ್ಲಿ ಮೊದಲು ಹೂಬಿಟ್ಟದ್ದು ೧೮೪೯ರಲ್ಲಿ, ಲಾರೆನ್ಸ್ ಎಂಬ ಮಹಿಳೆಯ ತೋಟದಲ್ಲಿ, ಚ್ಯಾಟ್ಸ್‌ವರ್ತಿನಲ್ಲಲ್ಲ. ಇದಕ್ಕಿಂತ ಶೋಚನೀಯವಾದುದು ಬೇರೊಂದು. ಉತ್ತರ ಅಮೆರಿಕಕ್ಕೆ ಪೈನ್ ಬೀಜಗಳಿಗಾಗಿ ಹೋದ ಇಬ್ಬರು ತರುಣ ತೋಟಗಾರರು ೧೮೩೮ರಲ್ಲಿ ಕೊಲಂಬಿಯಾ ನದಿಯಲ್ಲಿ ಮುಳುಗಿ ಸತ್ತರು. ಒಡೆಯರ ತೋಟದ ಬೆಲೆಯನ್ನು ಪೌಂಡುಗಳಲ್ಲಿ ಮಾತ್ರ ಎಣಿಸಿದರೆ ಸಾಲದು.

ಪೌಂಡುಗಳ ಲೆಕ್ಕವೂ ಚಿಕ್ಕದಾಗಿರಲಿಲ್ಲ. ೧೮೪೪ರ ಸುಮಾರಿಗೆ ಡ್ಯೂಕನ ಸಾಲವು ೧೦ ಲಕ್ಷ ಪೌಂಡಿನ ಹತ್ತಿರಕ್ಕೆ ಬಂದು, ಆಸ್ತಿಯ ಒಂದು ಭಾಗವನ್ನು ಮಾರಬೇಕಾಯಿತು. ಹೀಗೆ ಒಡೆಯನೊಬ್ಬನು ಸೋಲುಗಳ ಖರ್ಚನ್ನು ಹೊತ್ತುಕೊಂಡುದರಿಂದ ಪ್ಯಾಕ್ಸ್‌ಟನ್ನನು ಕಲಿಯಲು ಸಾಧ್ಯವಾಯಿತೆಂಬುದನ್ನು ಮರೆಯಲಾಗದು. ಕೈಕೆಲಸದಿಂದ ವಿದ್ಯೆ ಬರುವುದು ನಿಜ. ಕೆಡಿಸಲು ಸಾಮಗ್ರಿಯೇ ಸಿಕ್ಕದ ಬಡವನಿಗೆ ಅದು ಬರುವುದೆಂತು? ನಮ್ಮ ಊರುಗಳಲ್ಲಿ ಎಷ್ಟೋ ಗಾರೆಯವರ ಮಕ್ಕಳು ಜೀವಮಾನವೆಲ್ಲ ಒಂದೇ ತರದ ಗೋಡೆಯನ್ನು ಕಟ್ಟುತ್ತ ಮುಗಿಯುವರು. ಒಂದು ಗೋಡೆಯನ್ನು ಬೇರೆ ರೀತಿಯಲ್ಲಿ ಕಟ್ಟಿ ನೋಡೆಂದು ಹೇಳಿ, ಬಿದ್ದರೆ ಬೀಳಲೆನ್ನುವ ಒಡೆಯರು ಅವರಿಗೆ ದೊರೆಯರು.

ಸಮವೃತ್ತಿಯ ಅಭಿಮಾನದಿಂದ ಇನ್ನೊಂದು ಮಾತನ್ನು ಹೇಳಬೇಕು. ಶಾಲೆ ಕಾಣದ ಈ ತೋಟಗಾರನು ೧೮೩೧ರಿಂದ ತೋಟಗಾರಿಕೆಯ ಮಾಸಪತ್ರಿಕೆಗಳನ್ನು ನಡೆಸಿದನು. ೧೮೪೧ರಲ್ಲಿ ಹುಟ್ಟಿದ ‘ಗಾರ್ಡನರ್ಸ್ ಕ್ರಾನಿಕಲ್’ ಎಂಬ ವಾರಪತ್ರಿಕೆಯ ಸ್ಥಾಪಕರಲ್ಲೊಬ್ಬನಾದನು. ೧೮೪೬ರಲ್ಲಿ ‘ಡೈಲಿ ನ್ಯೂಸ್’ ಎಂಬ ದಿನಪತ್ರಿಕೆಗೆ ಹಣ ಹಾಕಿದನು. ಅದರ ಮೊದಲ ಸಂಪಾದಕನು ಕಾದಂಬರಿಕಾರ ಡಿಕನ್ಸ್. ಆ ಮಹಾನುಭಾವನು ಕೆಲವೇ ದಿನಗಳಲ್ಲಿ ಕೈಚೆಲ್ಲಿ ಎದ್ದುಹೋದನು. ದಿನಪತ್ರಿಕೆಯ ಕಷ್ಟವನ್ನು ಬಲ್ಲ ನಮಗೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ.

೧೮೪೩ರಲ್ಲಿ ಲಿವರ್‌ಪೂಲಿನ ಎದುರು ದಡದ ಬರ್ಕನ್‌ಹೆಡ್ ಪಟ್ಟಣದವರು ಪ್ರಜೆಗಳ ಹಣದಿಂದ ಪ್ರಜೆಗಳಿಗಾಗಿ ಉದ್ಯಾನವೊಂದನ್ನು ಮಾಡಿಕೊಡೆಂದು ಆತನನ್ನು ಕರೆದರು. ಕೊಟ್ಟ ನೆಲವು ಜೌಗು. ಇತರರು ಹಿಂಜರಿಯಬಹುದಾಗಿದ್ದ ಆ ನೆಲವನ್ನು ಪ್ಯಾಕ್ಸ್‌ಟನ್ನನು ತನ್ನ ಹಳೆಯ ವಿದ್ಯೆಯಿಂದ ಗೆದ್ದನು. ನೆಲದಡಿಯಲ್ಲಿ ಬಸಿಗಾಲುವೆಗಳನ್ನು ಹಾಕಿಸಿ, ನೀರನ್ನು ಎರಡು ಕೊಳಗಳಿಗೆ ಇಳಿಸಿ, ಕೊಳ ತೋಡಿದ ಮಣ್ಣಿನಿಂದಲೇ ದಿಬ್ಬಗಳನ್ನು ಎಬ್ಬಿಸಿದನು. ಬಂದವನಿಗೆ ಕೊಳದ ಆಚೆಯ ದಡ ಕಾಣದಂತೆ ದಂಡೆಯನ್ನು ತಿರುವಿ, ಸಣ್ಣ ನೀರನ್ನು ದೊಡ್ಡದಾಗಿ ತೋರಿಸಿದನು. ಗಾಡಿಗಳ ದಾರಿಯೇ ಬೇರೆ, ನಡೆಯುವವರ ದಾರಿಯೇ ಬೇರೆ. ಸುತ್ತಣ ನೆಲವನ್ನು ಮನೆ ಕಟ್ಟುವವರಿಗೆ ಮಾರಿ ಖರ್ಚನ್ನು ತುಂಬಿಕೊಳ್ಳುವ ಏರ್ಪಾಡೂ ಆಯಿತು. ಸ್ಥಳದಲ್ಲಿದ್ದು ಕೆಲಸ ಮಾಡಿಸಿದವನು ಚ್ಯಾಟ್ಸ್‌ವರ್ತಿನಲ್ಲಿ ಪಳಗಿದ ಎಡ್ವರ್ಡ್ ಕೆಂಪ್. ೧೮೪೭ರಲ್ಲಿ ತೆರೆದ ಈ ಉದ್ಯಾನವನ್ನು ೧೮೫೦ರಲ್ಲಿ ಅಮೆರಿಕದ ಓಮ್‌ಸ್ಟೆಡ್ ಎಂಬ ತರುಣ ಬೇಸಾಯಗಾರನು ನೋಡಿ ಬೆರಗಾದನು. ಕೆಲವು ವರ್ಷಗಳಾದ ಮೇಲೆ ನ್ಯೂಯಾರ್ಕಿನ ಮಧ್ಯೋದ್ಯಾನವನ್ನು ಸಂಗಡಿಗನೊಡನೆ ರಚಿಸಿದವನು ಅವನೇ. ನಮ್ಮ ಪುರಸಭೆಗಳ ಸದಸ್ಯರು ಸ್ಫಟಿಕ ಭವನಕ್ಕಿಂತಲೂ ಈ ಬರ್ಕನ್‌ಹೆಡ್ಡಿನ ವಿಷಯವನ್ನು ಹೆಚ್ಚಾಗಿ ವಿಚಾರಿಸಿದರೆ ಒಳ್ಳೆಯದು. ಊರ ಹೊರಗಿನ ಜೌಗನ್ನು ಕಸದಿಂದ ತುಂಬುವುದಲ್ಲದೆ ಬೇರೆ ಉಪಾಯವೂ ಉಂಟೆಂಬುದು ಅವರಿಗೆ ತಿಳಿದೀತು.

ಸ್ಫಟಿಕ ಭವನಕ್ಕೆ ಪೀಠಿಕೆ ಹಾಕಿದ್ದು ಒಂದು ನೈದಿಲೆ. ದಕ್ಷಿಣ ಅಮೆರಿಕದ ಗಯಾನಾ ಪ್ರಾಂತದಿಂದ ಬಂದು, ರಾಣಿಯ ಹೆಸರನ್ನು ಪಡೆದ ಆ ಮಹಾ ನೈದಿಲೆಯು ಕ್ಯೂ ರಾಜೋದ್ಯಾನದಲ್ಲಿ ಹೂಬಿಡಲೊಲ್ಲದೆ ಇತ್ತು. ೧೮೪೯ರ ಆಗಸ್ಟಿನಲ್ಲಿ ಅದರ ಒಂದು ಸಸಿಯನ್ನು ಚ್ಯಾಟ್ಸ್‌ವರ್ತಿಗೆ ತಂದ ಪ್ಯಾಕ್ಸ್‌ಟನ್ನನು, ತೊಟ್ಟಿಯ ನೀರನ್ನು ಬೆಚ್ಚಗೆ ಇಟ್ಟು, ಹೊಳೆಯಲ್ಲಿರುವಂತೆ ಅದು ಮೆಲ್ಲನೆ ಅಲುಗಾಡುವಂತೆ ಸಣ್ಣ ಚಕ್ರಗಳನ್ನು ಇರಿಸಿ, ನವೆಂಬರಿನಲ್ಲಿ ಹೂಬಿಡಿಸಿದನು. ಅದರ ಎಲೆಯು ಪರಾತದಂತೆ ಅಗಲ. ಆತನು ತನ್ನ ಎಳೆಯ ಮಗಳು ಆ್ಯನಿಯನ್ನು ಅದರ ಮೇಲೆ ನಿಲ್ಲಿಸಿ ನೋಡಿದನು, ಎಲೆ ಹೊತ್ತಿತು. ಎಲೆಯನ್ನು ಮಗುಚಿ ನೋಡಿದಾಗ ನಡುವಿನಿಂದ ಹೊರಟ ದಪ್ಪ ನರಗಳೂ, ಅವನ್ನು ಅಡ್ಡಲಾಗಿ ಕಟ್ಟಿದ ತೆಳು ನರಗಳೂ ತೊಲೆ ಮತ್ತು ಅಡ್ಡೆಗಳಂತೆ ತೋರಿದುವು. ಆ ಗಿಡಕ್ಕಾಗಿ ಕಟ್ಟಿದ ಹೊಸ ಮನೆಯಲ್ಲಿ ಮಾಡನ್ನು ಸಮತಲವಾಗಿರಿಸಿ ಮಡಿಕೆ ಮಾಡಿದನು. ಇಪ್ಪತ್ತು ವರ್ಷದ ಅಭ್ಯಾಸವಿಲ್ಲದವನ ಕಣ್ಣಿಗೆ ಆ ಎಲೆಯು ಎಲೆಯಾಗಿಯೇ ಉಳಿಯುತ್ತಿತ್ತು.

೧೮೫೧ರಲ್ಲಿ ಲಂಡನ್ನಿನಲ್ಲಿ ಸರ್ವರಾಷ್ಟ್ರಗಳ ಪ್ರದರ್ಶನವನ್ನು ನಡೆಸಲು ನಿಶ್ಚಯವಾಗಿ, ಕಟ್ಟಡಕ್ಕೆ ನಕ್ಷೆಗಳನ್ನು ಕೇಳಿದಾಗ ೨೪೫ ನಕ್ಷೆಗಳು ಬಂದುವು. ಘನಪಂಡಿತರ ಸಮಿತಿಯು ಒಂದನ್ನೂ ಒಪ್ಪದೆ, ತಾನೇ ಒಂದು ನಕ್ಷೆಯನ್ನು ಬರೆಯಿಸಿತು. ಅದಕ್ಕೆ ಒಂದೂವರೆ ಕೋಟಿ ಇಟ್ಟಿಗೆ ಬೇಕು, ಮೇಲೊಂದು ಭಾರಿ ಗುಮ್ಮಟ. ಪ್ರದರ್ಶನ ಮುಗಿದೊಡನೆ ಕೆಡವಬೇಕಾದ ಕಟ್ಟಡಕ್ಕೆ ಇಷ್ಟೆಲ್ಲ. ಜನರು ಗಲಾಟೆ ಎಬ್ಬಿಸಿದರು. ೧೮೫೦ನೆಯ ಜೂನ್ ೧೧ರಂದು ಡರ್ಬಿಯಲ್ಲಿ ರೈಲ್ವೆ ಕಂಪನಿಯ ಸಭೆಯೊಂದರಲ್ಲಿ ಕುಳಿತಿದ್ದ ಪ್ಯಾಕ್ಸ್‌ಟನ್ನನು ಮುಂದಿದ್ದ ಮಸಿಯೊತ್ತುವ ಕಾಗದದ ಮೇಲೆ ನೈದಿಲೆಯ ಮನೆಯನ್ನೇ ದೊಡ್ಡದು ಮಾಡಿ ಗೀಚಿದನು. ಸುಮಾರು ಒಂಬತ್ತು ದಿನಗಳಲ್ಲಿ ಪೂರ್ಣ ನಕ್ಷೆಯನ್ನು ಸಿದ್ಧಗೊಳಿಸಿದನು. ಜುಲೈ ೬ರಂದು ಅದು ಸಚಿತ್ರ ವಾರಪತ್ರಿಕೆಯೊಂದರಲ್ಲಿ ಅಚ್ಚಾಗಿ ಜನರ ಮೆಚ್ಚಿಗೆಯನ್ನು ಪಡೆದ ಮೇಲೆ ಸಮಿತಿಯು ಒಪ್ಪದೆ ವಿಧಿಯಿರಲಿಲ್ಲ.

ಆ ಕಟ್ಟಡದ ಉದ್ದ ೧೮೪೮ ಅಡಿ. ಗಾಜಿನ ಹಲಗೆಯ ಉದ್ದ ೪೯ ಅಂಗುಲ. ಅದನ್ನನುಸರಿಸಿ ಮಡಿಕೆ, ಮಡಿಕೆಯನ್ನನುಸರಿಸಿ ೨೪ ಅಡಿಯ ಅಂಕಣ, ಅಂಕಣವನ್ನನುಸರಿಸಿ ಇಡೀ ಭವನ. ಸುಮಾರು ೩ ಲಕ್ಷ ಹಲಗೆಗಳು. ೧೮೪೫ರಲ್ಲಿ ಗಾಜಿನ ಮೇಲಣ ಸುಂಕವನ್ನು ಎತ್ತಿಹಾಕಿರದಿದ್ದರೆ ಇದು ಆಗುತ್ತಿರಲಿಲ್ಲ. ಮರದ ದೋಣಿಗಳ ಅಂಚನ್ನೇ ಹಳಿಯನ್ನಾಗಿ ಮಾಡಿ, ಅದರ ಮೇಲೆ ಸಣ್ಣ ಗಾಡಿಗಳಲ್ಲಿ ಕುಳಿತು ಕೆಲಸಗಾರರು ಗಾಜನ್ನು ಕೂರಿಸುತ್ತ ಸಾಗಿದರು. ಮಳೆಯಲ್ಲಿಯೂ ಕೆಲಸ ನಿಲ್ಲದಂತೆ ಗಾಡಿಗೆ ಮುಚ್ಚಿಗೆಯಿತ್ತು. ನೆಲದ ಹಲಗೆಗಳ ನಡುವೆ ಸಂದು ಬಿಟ್ಟು, ಧೂಳು ಕೆಳಗೆ ಬೀಳುವಂತೆ ಮಾಡಿದ್ದರು. ಅಲ್ಲಿದ್ದ ದೊಡ್ಡ ಎಲ್ಮ್ ಮರಗಳನ್ನು ಕಡಿಯಬಾರದೆಂದು ಗದ್ದಲವಾದಾಗ, ನಡುವೆ ಕಮಾನಿನ ಮಾಡನ್ನು ಎತ್ತಿಸಿ ಮರಗಳನ್ನು ಮನೆಯೊಳಗೇ ಉಳಿಸಿದರು. ಕೆಲಸದ ಸೂಕ್ಷ್ಮ ನಕ್ಷೆಗಳನ್ನೆಲ್ಲ ಕಂತ್ರಾಟುದಾರನಾದ ಚಾರ್ಲ್ಸ್ ಫಾಕ್ಸನು ಹಗಲಿರುಳು ಕುಳಿತು ಬರೆದನೆಂಬುದನ್ನೂ ಇಲ್ಲಿ ಹೇಳುವುದು ನ್ಯಾಯ. ಒಂಬತ್ತು ತಿಂಗಳು ತುಂಬುವುದರೊಳಗೆ ಭವನವು ನಿಂತು, ೧೮೫೧ನೆಯ ಮೇ ೧ರಂದು ಪ್ರದರ್ಶನವು ತೆರೆಯಿತು. ಐದೂವರೆ ತಿಂಗಳಲ್ಲಿ ೬೦ ಲಕ್ಷ ಪ್ರವೇಶಗಳಾದುವು. ಪಂಜಾಬಿನಿಂದ ಎರಡು ವರ್ಷದ ಹಿಂದೆ ಕಿತ್ತುಕೊಂಡ ಕೊಹಿನೂರು ವಜ್ರವನ್ನೂ ಅಲ್ಲಿಯೇ ಪಂಜರದಲ್ಲಿ ಇಟ್ಟಿದ್ದರು. ಆ ವರ್ಷವೇ ಪ್ಯಾಕ್ಸ್‌ಟನ್ನನಿಗೆ ಸರ್ ಪದವಿ ಬಂತು. ೧೮೫೪ರಿಂದ ಸಾಯುವವರೆಗೆ ಕವೆಂಟ್ರಿ ಪಟ್ಟಣದ ಪ್ರತಿನಿಧಿಯಾಗಿ ಪಾರ್ಲಿಮೆಂಟಿನಲ್ಲಿ ಕುಳಿತನು.

ಇಲ್ಲಿಗೆ ಕಥೆಯನ್ನು ಮು��ಿಸುವುದು ರೂಢಿ. ಆದರೆ ಮುಂದಿನದನ್ನು ಬಿಡಬಾರದು. ಪ್ರದರ್ಶನ ಮುಗಿದ ಮೇಲೆ ಭವನವನ್ನು ಬಿಚ್ಚಿ, ಲಂಡನ್ನಿನ ದಕ್ಷಿಣದ ಸಿಡ್‌ನಮ್ ಗುಡ್ಡದ ಮೇಲೆ ಇನ್ನೂ ದೊಡ್ಡದಾಗಿ ನಿಲ್ಲಿಸಲು ಕಂಪನಿಯೊಂದು ಏರ್ಪಟ್ಟಿತು. ಇಲ್ಲಿ ಪ್ಯಾಕ್ಸ್‌ಟನ್ನನು ಫ್ರಾನ್ಸಿನ ವರ್ಸೇಲ್ಸ್ ಅರಮನೆಯ ಕಾರಂಜಿಗಳನ್ನು ಮೀರಿಸಬೇಕೆಂದು ಹೊರಟನು. ಚ್ಯಾಟ್ಸ್‌ವರ್ತಿನಲ್ಲಿ ಬೋರೆಯ ಮೇಲಿನ ಕೆರೆ ಇತ್ತು, ನೀರು ತಾನಾಗಿ ಇಳಿಯುತ್ತಿತ್ತು. ಸಿಡ್‌ನಮ್ಮಿನಲ್ಲಿ ಭವನವೇ ಗುಡ್ಡದ ನೆತ್ತಿಯ ಮೇಲೆ. ಅದಕ್ಕಿಂತ ಎತ್ತರದಲ್ಲಿ ನೀರನ್ನು ನಿಲ್ಲಿಸಬೇಕಾದರೆ ಗೋಪುರಗಳೇ ಆಗಬೇಕು, ನೀರನ್ನು ಯಂತ್ರಗಳಿಂದ ಎತ್ತಬೇಕು. ಮೊದಲು ಕಟ್ಟಿದ ಗೋಪುರಗಳು ಆ ಭಾರಕ್ಕೆ ಸಾಲದೆಂದು ಕೆಡವಿ, ಬ್ರುನೆಲ್ ಎಂಬ ಇಂಜಿನಿಯರನಿಂದ ಬೇರೆ ಕಟ್ಟಿಸಬೇಕಾಯಿತು. ೫ ಲಕ್ಷ ಪೌಂಡಿನ ಬಂಡವಾಳದಿಂದ ಆರಂಭವಾದ ಕೆಲಸವು ೧೩ ಲಕ್ಷವನ್ನು ನುಂಗಿತು. ೧೮೫೪ರಲ್ಲಿ ತೆರೆದ ಆ ಸ್ಥಳವು ಜನರಿಗೆ ಮೆಚ್ಚಿಗೆಯಾಯಿತು. ಸಾಲದಿಂದ ಮಾತ್ರ ಎಂದೂ ಬಿಡುಗಡೆ ಹೊಂದಲಿಲ್ಲ. ಹಿಂದೆ ಆತನು ಚಿಕ್ಕದನ್ನು ಕಟ್ಟಿ, ಅದು ಸೋರಿದರೆ ತಿದ್ದಿ, ಆಮೇಲೆ ದೊಡ್ಡದಕ್ಕೆ ಕೈಹಾಕುತ್ತಿದ್ದನು. ಈ ಸಲ ಒಮ್ಮೆಗೇ ದೊಡ್ಡದನ್ನು ಕಾಗದದ ಮೇಲೆ ಕಂಡನು. ತನ್ನ ಗುರುವನ್ನು ತಾನೇ ಮರೆತನೆಂದು ನಮಗೆ ತೋರುತ್ತದೆ.

೧೮೫೮ರಲ್ಲಿ ಡ್ಯೂಕನು ತೀರಿಕೊಂಡನು. ಪ್ಯಾಕ್ಸ್‌ಟನ್ನನು ಚ್ಯಾಟ್ಸ್‌ವರ್ತಿನ ಕೆಲಸಕ್ಕೆ ರಾಜೀನಾಮೆ ಕೊಟ್ಟನು. ಅಲ್ಲಿ ಆತನ ಕೈಕೆಳಗೆ ಬೆಳೆದ ಹುಡುಗರು ಅಷ್ಟರಲ್ಲಿಯೇ ಹಲವು ಊರುಗಳ ಉದ್ಯಾನಗಳನ್ನು ಹಿಡಿದಿದ್ದರು. ಕಲ್ಕತ್ತೆಗೆ ಹೋಗಿ ಬಂದ ಗಿಬ್ಸನ್ನನು ಲಂಡನ್ನಿನ ಬ್ಯಾಟರ್‌ಸೀ ಉದ್ಯಾನದಲ್ಲಿ ಉಷ್ಣದೇಶದ ಗಿಡಗಳನ್ನು ಬಯಲಿನಲ್ಲಿ ನೆಟ್ಟು ಹೆಸರಾದನು. ೧೮೬೫ನೆಯ ಜೂನ್ ೮ರಂದು ಪ್ಯಾಕ್ಸ್‌ಟನ್ನನು ಸಿಡ್‌ನಮ್ಮಿನ ತನ್ನ ಮನೆಯಲ್ಲಿ ಮೃತನಾದನು. ಚ್ಯಾಟ್ಸ್‌ವರ್ತಿನ ಸೆರಗಿನಲ್ಲಿರುವ ಎಡನ್ಸರ್ ಎಂಬ ಹಳ್ಳಿಯಲ್ಲಿ, ಒಡೆಯನ ಸಮಾಧಿಯೂ ಇರುವ ಚರ್ಚಿನ ಅಂಗಳದಲ್ಲಿ, ಆತನನ್ನು ಹೂಳಿದರು. ಆರು ವರ್ಷಗಳ ಮೇಲೆ ಸಾರಾ ತೀರಿಕೊಂಡಳು.

ಸಿಡ್‌ನಮ್ಮಿನ ಭವನವು ೧೯೩೬ನೆಯ ನವೆಂಬರ್ ೩೦ರ ರಾತ್ರಿ ಬೆಂಕಿಗೆ ತುತ್ತಾಯಿತು. ಚ್ಯಾಟ್ಸ್‌ವರ್ತಿನ ಮಹಾ ಸಸ್ಯಗೃಹದ ಗತಿ ಅದಕ್ಕೂ ಮೊದಲೇ ಮುಗಿದಿತ್ತು. ಮೊದಲನೆಯ ಮಹಾಯುದ್ಧದಲ್ಲಿ ಇದ್ದಿಲಿಲ್ಲದೆ ಕುಲುಮೆಗಳು ಆರಿ, ಒಳಗಿನ ಗಿಡಗಳೆಲ್ಲ ಚಳಿಗೆ ಸತ್ತುವು. ೧೯೨೦ರಲ್ಲಿ ಸಿಡಿಮದ್ದಿಟ್ಟು ಅದನ್ನು ಕೆಡವಿದರು. ಅದರ ತಳದ ಕಲ್ಲುಗೋಡೆಗಳು ಇಂದಿಗೂ ಇವೆ. ಒಳಗಡೆ ೧೯೬೨ರಲ್ಲಿ ಬೇಲಿಗಿಡಗಳಿಂದ ಒಂದು ಚಕ್ರವ್ಯೂಹವನ್ನು ನೆಟ್ಟಿದ್ದಾರೆ; ನೋಡಲು ಬಂದ ಮಕ್ಕಳು ಅದರಲ್ಲಿ ದಾರಿ ಹುಡುಕುತ್ತ ಓಡಾಡುವರು. ಅಲ್ಲಿಂದ ಸ್ವಲ್ಪ ದೂರದಲ್ಲಿ, ಬೋರೆಯ ಮೇಲಿನ ಕೆರೆಯ ನೀರಿನಿಂದ, ಬಾರದ ಚಕ್ರವರ್ತಿಗಾಗಿ ಮಾಡಿದ ಆ ಕಾರಂಜಿಯು ಈಗಲೂ ಚಿಮ್ಮುತ್ತದೆ.